ಬೇಸರ ಏನಿಲ್ಲ

ಮಣ್ಣು ಮಾಡಿ ಐದು ದಿನವಾಗಿತ್ತು. ಕೊನೆಯ ನೆಂಟರು ಹಿಂದಿನ ಸಂಜೆಯ ಬಸ್ಸಿಗೆ ಹೊರಟಿದ್ದರು. ಬೆಳಿಗ್ಗೆ ಎಂದಿನಂತೆ ನಲ್ಲಿಯಲ್ಲಿ ನೀರು ಬಂತು. ಎದುರು ಮನೆಯ ಸ್ಕೂಟರು ಎಂದಿನಂತೆ ನಾಲ್ಕನೇ ಒದೆತಕ್ಕೆ ಸ್ಟಾರ್ಟ್ ಆಯಿತು. ಅತ್ತೆ ಬಾಗಿಲ ಬಳಿ ಕೂತು, ಅಂಗಿಗಳ ರಾಶಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಗುಂಡಿ ಹೊಲಿಯಲು ಸೂಜಿಗೆ ದಾರ ಪೋಣಿಸಿದರು.

ಎಂಟು ಗಂಟೆಗೆ ಎರಡು ಫೋನುಗಳ ಮಾತ್ರೆಯ ಅಲಾರಂ ಒಟ್ಟಿಗೆ ಕೂಗಿಕೊಂಡಿತು. ಒಂದು ಸೊಸೆಯದು. ಇನ್ನೊಂದು, ತೀರಿಹೋದ ಅವಳ ಗಂಡನದು.

"ಎರಡು ಹುಂಜ ಸಾಕಿದೀರಿ ಕಣ್ರೋ" ಎಂದು ಅತ್ತೆ ಆರು ವರ್ಷದಿಂದ ದಿನಾ ನಗುತ್ತಿದ್ದರು. ಇವತ್ತು ಸೂಜಿ ಹಿಡಿದ ಕೈ ಹಾಗೇ ನಿಂತಿತು.

"ಅವನದನ್ನ ನಿಲ್ಲಿಸಮ್ಮ" ಎಂದರು.

ಸೊಸೆ ಅವನದನ್ನೂ ನಿಲ್ಲಿಸಿದಳು, ತನ್ನದನ್ನೂ ನಿಲ್ಲಿಸಿದಳು. ಮಾತ್ರೆಯ ಡಬ್ಬಿಯನ್ನು ಕೈಗೆ ತೆಗೆದುಕೊಂಡು ನೋಡಿ, ಮುಚ್ಚಳ ತೆಗೆಯದೆ ಅಲ್ಲೇ ಇಟ್ಟಳು.

ಗಂಡ ಹೆಂಡತಿ ಇಬ್ಬರಿಗೂ ಎಚ್‌ಐವಿ ಇರುವುದು ಆರು ವರ್ಷದ ಹಿಂದೆ ತಿಳಿದಿತ್ತು. ಯಾರಿಂದ ಯಾರಿಗೆ ಎಂಬ ಮಾತನ್ನು ಆ ಮನೆಯಲ್ಲಿ ಒಂದೇ ಸಲ ಆಡಿ, ಒಂದೇ ಸಲ ಅತ್ತು, ಅಲ್ಲಿಗೇ ಬಿಟ್ಟಿದ್ದರು. ದಿನಕ್ಕೊಂದು ಮಾತ್ರೆ. ತಪ್ಪದೆ ನುಂಗಿದರೆ ವೈರಾಣು ರಕ್ತದಲ್ಲಿ ತಲೆ ಎತ್ತುವುದಿಲ್ಲ, ಎಲ್ಲರ ಹಾಗೆ ದುಡಿಯಬಹುದು, ಎಲ್ಲರ ಹಾಗೆ ಮುದುಕರಾಗಬಹುದು ಎಂದು ಡಾಕ್ಟರು ಹೇಳಿದ್ದರು. ಅದು ನಿಜವೂ ಆಗಿತ್ತು. ಅವನು ಹೊಲಿಗೆ ಮಿಷಿನ್ ರಿಪೇರಿ ಮಾಡುತ್ತಿದ್ದ. ಕಿವಿ ಇಟ್ಟು ಕೇಳಿದರೆ ಸಾಕು, ಯಾವ ಹಲ್ಲು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ದರ್ಜಿಗಳೆಲ್ಲ ಅವನನ್ನು ಮಿಷಿನಣ್ಣ ಎನ್ನುತ್ತಿದ್ದರು. ಅವಳು ಪ್ರೆಸ್ಸಿನಲ್ಲಿ ಅಚ್ಚಿನ ಕರಡು ತಿದ್ದುತ್ತಿದ್ದಳು. ಅಲ್ಲಿ ಅವಳ ಹೆಸರೇ 'ಕೆಂಪು ಪೆನ್ನು'. ಅವಳ ಕಣ್ಣು ತಪ್ಪಿಸಿ ಒಂದು ಕೊಂಬು, ಒಂದು ಒತ್ತು ಆಚೆ ಹೋಗಿದ್ದಿಲ್ಲ.

ಕಳೆದ ವರ್ಷದಿಂದ ಅವನು ಬೇರೆಯೇ ಆಗಿದ್ದ. ಮಧ್ಯಾಹ್ನವೇ ಕುಡಿಯುತ್ತಿದ್ದ. ಬಿಚ್ಚಿದ ಮಿಷಿನನ್ನು ಬಿಚ್ಚಿದಂತೆಯೇ ಬಿಟ್ಟು ಎದ್ದು ಹೋಗುತ್ತಿದ್ದ. ಬೈಕಿನ ಬ್ರೇಕ್ ಹಿಡಿಯುತ್ತಿಲ್ಲ ಎಂದರೆ, "ಏನಾದ್ರೆ ಏನು" ಎನ್ನುತ್ತಿದ್ದ. ಕೊನೆಗೆ ಕೆಮ್ಮು ಬಂತು, ಜ್ವರ ಬಂತು, ಹತ್ತು ದಿನ ಆಸ್ಪತ್ರೆ. ಸತ್ತ ಮನೆಗೆ ಬಂದವರು ತಮಗೆ ತೋಚಿದ್ದು ಹೇಳಿದರು. ಒಬ್ಬರು, "ಕುಡಿತ ಕೆಡಿಸ್ತು." ಇನ್ನೊಬ್ಬರು, "ಆ ಕಾಯಿಲೇನೇ ಹಾಗೆ, ಇವತ್ತಲ್ಲ ನಾಳೆ ತಿನ್ನುತ್ತೆ." ಮತ್ತೊಬ್ಬರು ದನಿ ತಗ್ಗಿಸಿ, "ಕೊಬ್ಬು."

ಸೊಸೆ ಬಂದವರಿಗೆಲ್ಲ ನೀರು ತಂದುಕೊಟ್ಟಳು. ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. "ಎಂಥ ಗಟ್ಟಿ ಹೆಣ್ಣು" ಎಂದು ಕೆಲವರು ಮೆಚ್ಚಿಕೊಂಡರು.

ಐದನೇ ದಿನದ ಆ ಬೆಳಿಗ್ಗೆಯೇ ಅವಳು ಪ್ರೆಸ್ಸಿಗೆ ಹೋದಳು. ಯಜಮಾನರು, "ಇನ್ನೆರಡು ದಿನ ಇರಬಹುದಿತ್ತಲ್ಲಮ್ಮ" ಎಂದರು. ಅವಳು ಕರಡು ಕೇಳಿದಳು. ಯಾವುದೋ ಸಂಘದ ವರದಿ. ಮೊದಲ ಸಾಲಿನಲ್ಲೇ 'ಅಧ್ಯಕ್ಷರು' ಎಂಬುದು 'ಅದ್ಯಕ್ಷರು' ಆಗಿತ್ತು. ಅವಳಿಗೆ ಅದು ಕಾಣಲಿಲ್ಲ ಎಂದಲ್ಲ, ಕಂಡಿತು. ಪೆನ್ನು ಅಲ್ಲಿಯವರೆಗೂ ಹೋಯಿತು. ಆಮೇಲೆ ಒಳಗಿನಿಂದ ಯಾರೋ ಹೇಳಿದ ಹಾಗಾಯಿತು: ಏನಾದ್ರೆ ಏನು. ಅವಳು ಮುಂದಿನ ಸಾಲಿಗೆ ಹೋದಳು.

ಸಂಜೆ ಬರುವಾಗ ದೊಡ್ಡ ರಸ್ತೆಯನ್ನು ಅತ್ತ ಇತ್ತ ನೋಡದೆ ದಾಟಿದಳು. ಬಸ್ಸು ಕಿರ್ ಎಂದು ಅವಳ ಸೆರಗಿನ ಪಕ್ಕ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ:

"ಏನಮ್ಮಾ, ಮನೇಲಿ ಹೇಳಿ ಬಂದಿದೀಯಾ?"

ಅವಳು ನಿಂತು, ನಿಜವಾಗಿ ಯೋಚಿಸಿದಳು. ಹೇಳಿ ಬಂದಿರಲಿಲ್ಲ. ನಡೆದು ಹೋದಳು. ಎದೆ ಸ್ವಲ್ಪವೂ ಹೊಡೆದುಕೊಳ್ಳಲಿಲ್ಲ. ಹೊಡೆದುಕೊಳ್ಳಲಿಲ್ಲವಲ್ಲ ಎಂಬುದೂ ಅವಳಿಗೆ ಹೊಳೆಯಲಿಲ್ಲ.

ಏನೋ ಸರಿಯಿಲ್ಲ ಎಂದು ಹೊಳೆದಿದ್ದು ಅತ್ತೆಗೆ. ಅತ್ತೆಗೆ ಓದು ಬರುವುದಿಲ್ಲ. ಆದರೆ ಮನೆಯ ಡಬ್ಬಿಗಳನ್ನು ಅಲ್ಲಾಡಿಸಿಯೇ ಒಳಗೆ ಎಷ್ಟಿದೆ ಎಂದು ಹೇಳುವ ಹೆಂಗಸು. ಗುಂಡಿಯ ಡಬ್ಬಿಯಿಂದ ಬಂದ ಅಭ್ಯಾಸ. ಒಂದು ವಾರ ಸೊಸೆಯ ಮಾತ್ರೆ ಡಬ್ಬಿಯನ್ನು ದಿನಾ ಅಲ್ಲಾಡಿಸಿ ನೋಡಿದರು. ಸದ್ದು ಒಂದೇ ಥರ ಇತ್ತು.

"ಏನೇ, ಈ ಮಾತ್ರೆಗಳು ಡಬ್ಬೀಲಿ ಮರಿ ಹಾಕ್ತವಾ?"

ಸೊಸೆ ಪ್ರೆಸ್ಸಿನ ಚೀಲವನ್ನು ಮೊಳೆಗೆ ನೇತುಹಾಕಿದಳು.

"ಎಷ್ಟು ದಿನದಿಂದ ತಗೊಂಡಿಲ್ಲ?"

"ಇವರು ಆಸ್ಪತ್ರೆ ಸೇರಿದ ಮೇಲೆ ತಗೊಂಡಿಲ್ಲ ಅತ್ತೆ. ಮೊದಲು ಮರೆತು ಹೋಯ್ತು. ಆಮೇಲೆ..."

"ಆಮೇಲೆ?"

"ಏನೂ ಇಲ್ಲ."

ಅತ್ತೆ ಬಾಯಿಗೆ ಬಂದ ಬೈಗುಳವನ್ನು ಅಲ್ಲೇ ನುಂಗಿದರು. ನುಂಗಲು ಕಾರಣವಿತ್ತು. ಆ ಮಧ್ಯಾಹ್ನ ಒಂದು ಸಣ್ಣ ಕತ್ತರಿ ಹುಡುಕಲು ಮಗನ ರಿಪೇರಿ ಚೀಲಕ್ಕೆ ಕೈ ಹಾಕಿದ್ದರು. ಸ್ಕ್ರೂಡ್ರೈವರ್, ಎಣ್ಣೆ ಡಬ್ಬಿ, ಹಳೇ ಬೆಲ್ಟುಗಳ ಅಡಿಯಲ್ಲಿ ಐದು ಮಾತ್ರೆ ಡಬ್ಬಿಗಳು ಸಿಕ್ಕಿದ್ದವು. ಐದಕ್ಕೂ ಸೀಲು ಒಡೆದಿರಲಿಲ್ಲ. ಅವುಗಳನ್ನು ಮಡಿಲಿನಿಂದ ತೆಗೆದು ಒಂದೊಂದಾಗಿ ಸೊಸೆಯ ಮುಂದೆ ಸಾಲಾಗಿ ಇಟ್ಟರು.

"ಕಾಯಿಲೆ ಅವನನ್ನ ತಿಂತು ಅಂದ್ರಲ್ಲ ಎಲ್ಲ. ನೋಡು. ಇವನು ಮಾತ್ರೇನೇ ತಿಂದಿಲ್ಲ."

ಸೊಸೆ ಡಬ್ಬಿಗಳ ಮೇಲಿನ ತಾರೀಖುಗಳನ್ನು ಓದಿದಳು. ಐದು ತಿಂಗಳು. ಪ್ರತಿ ತಿಂಗಳೂ ಕೇಂದ್ರಕ್ಕೆ ಹೋಗಿ, ಸಾಲಿನಲ್ಲಿ ನಿಂತು, ಇಬ್ಬರ ಡಬ್ಬಿಯನ್ನೂ ತಂದು, ಅವಳದನ್ನು ಅವಳಿಗೆ ಕೊಟ್ಟು, ತನ್ನದನ್ನು ಚೀಲದ ತಳಕ್ಕೆ ಹಾಕಿದ್ದ. ಎಂಟು ಗಂಟೆಗೆ ಅವನ ಫೋನೂ ಕೂಗುತ್ತಿತ್ತು, ಅವನೂ ಎದ್ದು ಒಳಗೆ ಹೋಗುತ್ತಿದ್ದ.

"ಯಾಕೆ?" ಎಂದರು ಅತ್ತೆ. "ನನ್ನ ಮಗನಿಗೆ ಏನು ಕಡಿಮೆ ಮಾಡಿದ್ವಿ? ನನಗೆ ಅದೊಂದು ಗೊತ್ತಾಗಬೇಕು. ನಾಳೆ ನಡಿ, ಆ ಸೆಂಟರಿಗೆ ಹೋಗೋಣ. ಈ ಡಬ್ಬಿಗಳನ್ನ ಅಲ್ಲಿ ಕೊಟ್ಟ ಹಾಗೂ ಆಗುತ್ತೆ."

"ನೀವು ಹೋಗಿ ಬನ್ನಿ ಅತ್ತೆ."

"ನನಗೆ ಬಸ್ಸಿನ ಬೋರ್ಡ್ ಓದೋಕೆ ಬರುತ್ತಾ? ತಲೆಗೆ ಎಣ್ಣೆ ಹಚ್ಚಿಕೋ. ಗುಬ್ಬಿ ಗೂಡಾಗಿದೆ."

ಎಚ್‌ಐವಿ ಚಿಕಿತ್ಸಾ ಕೇಂದ್ರ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಉದ್ದದ ಬೆಂಚು, ಅದರ ತುದಿಯಲ್ಲಿ ಅರ್ಧ ಬಾಗಿಲಿನ ಸಣ್ಣ ಕೋಣೆ. ಕೋಣೆಯಲ್ಲಿ ಕೌನ್ಸೆಲರ್ ಮೇಡಂ. ನಲವತ್ತು ದಾಟಿದವರು, ದಪ್ಪ ಕನ್ನಡಕ. ಐದು ಡಬ್ಬಿಗಳನ್ನು ಮೇಜಿನ ಮೇಲೆ ನೋಡಿದಾಗ ಅವರ ಮುಖ ಬಾಡಿತು. ಕಪಾಟಿನಿಂದ ಅವನ ಫೈಲು ತೆಗೆದರು.

"ಉಳಿದ ಮಾತ್ರೆ ತಂದು ತೋರಿಸಿ ಅಂದಾಗೆಲ್ಲ ಮರೆತು ಬಂದೆ ಅಂತಿದ್ರು. ರಕ್ತಪರೀಕ್ಷೆ ದಿನ ಕೆಲಸ ಇದೆ ಅಂದ್ರು. ಇನ್ನೂ ಒತ್ತಿ ಕೇಳಬೇಕಿತ್ತು ನಾನು."

ಫೈಲು ಮೇಜಿನ ಮೇಲೆ ತೆರೆದಿತ್ತು. ಸೊಸೆಯ ಕಣ್ಣು ತಾನಾಗಿ ಅದರ ಮೇಲೆ ಓಡಿತು. ಕರಡು ತಿದ್ದಿದ ಹನ್ನೆರಡು ವರ್ಷದ ಅಭ್ಯಾಸ, ಬಿಟ್ಟರೂ ಬಿಡದು. ತಿಂಗಳಿಗೊಂದು ಹಾಳೆ. ಎಲ್ಲ ಹಾಳೆಯಲ್ಲೂ ಒಂದೇ ಪ್ರಶ್ನೆ, ಒಂದೇ ಉತ್ತರ. 'ಬೇಸರ ಇದೆಯೇ? ಇಲ್ಲ.' 'ಬೇಸರ ಇದೆಯೇ? ಇಲ್ಲ.'

ಅವಳ ಬೆರಳು ಆ ಪದದ ಮೇಲೆ ನಿಂತಿತು. ಏನೋ ತಪ್ಪಿದೆ ಅನ್ನಿಸಿತು. ಕಾಗುಣಿತ ಸರಿಯಿತ್ತು.

"ಮೇಡಂ, ಇದನ್ನ ನೀವು ಬಾಯಲ್ಲಿ ಹೇಗೆ ಕೇಳ್ತಿದ್ರಿ?"

"ಹೀಗೇ. 'ಬೇಸರ ಇದೆಯಾ?' ಅಂತ."

ಅತ್ತೆ ತಟ್ಟನೆ ಎದೆ ಮುಟ್ಟಿಕೊಂಡರು. "ಅಯ್ಯೋ ನನ್ನಪ್ಪಾ! ಅದನ್ನ ಅವನು ಮನೆಗೆ ಬಂದು ಹೇಳ್ತಿದ್ದ! 'ಪಾಪ ಕಣಮ್ಮ ಆ ಮೇಡಂ, ತುಂಬ ಮರ್ಯಾದಸ್ತರು. ಅಷ್ಟೊತ್ತು ಬೆಂಚಿನ ಮೇಲೆ ಕಾಯಿಸ್ತೀವಲ್ಲ, ಬೇಸರ ಇದೆಯಾ ಅಂತ ಪ್ರತಿ ಸಲ ಕೇಳ್ತಾರೆ. ಬೇಸರ ಏನಿಲ್ಲ ಮೇಡಂ ಅಂತ ಹೇಳಿ ಬಂದೆ' ಅಂತಿದ್ದ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಸಲ, 'ನಿಮ್ಮ ಮೇಲೆ ಯಾಕೆ ಬೇಸರ ಮೇಡಂ' ಅಂದಿದ್ರು. ತಮಾಷೆ ಮಾಡ್ತಿದಾರೆ ಅಂದುಕೊಂಡು ನಕ್ಕೆ. 'ಇಲ್ಲ' ಅಂತ ಬರೆದೆ."

ನಮ್ಮ ಮಾತಿನಲ್ಲಿ ಬೇಸರಕ್ಕೆ ಎಷ್ಟೊಂದು ಮುಖ. ಕಾಯಿಸಿದರೆ ಬೇಸರ, ಮಾತು ಬಿಟ್ಟರೆ ಬೇಸರ, ಹೊತ್ತು ಹೋಗದಿದ್ದರೂ ಬೇಸರ. ಮೇಡಂ ಕೇಳಿದ್ದು ಒಂದು, ಅವನಿಗೆ ಕೇಳಿಸಿದ್ದು ಇನ್ನೊಂದು. ಐದು ತಿಂಗಳು ಇಬ್ಬರೂ ಒಂದೇ ಮೇಜಿನ ಎರಡು ಬದಿ ಕೂತು, ಒಬ್ಬರನ್ನೊಬ್ಬರು ಮುಟ್ಟದ ಹಾಗೆ ಮಾತಾಡಿದ್ದರು.

ಮೊದಲು ಮಾತಾಡಿದವರು ಅತ್ತೆ. ಅಳು ನುಂಗಿ, ಸ್ವಲ್ಪ ಜಗಳದ ದನಿಯಲ್ಲೇ ಕೇಳಿದರು. "ಆಯ್ತು. ಅವನಿಗೆ ಬೇಸರ ಇತ್ತು ಅಂತಲೇ ಇಟ್ಕೊಳ್ಳೋಣ. ಬೇಸರ ಯಾರಿಗಿಲ್ಲ? ಅದಕ್ಕೂ ಮಾತ್ರೆಗೂ ಏನು ಸಂಬಂಧ? ಅದಕ್ಕೂ ಕುಡಿಯೋದಕ್ಕೂ ಏನು ಸಂಬಂಧ?"

"ಸಂಬಂಧ ಇದೆ ಅಮ್ಮ. ನಾನು ಹೇಳ್ತಿರೋದು ಬಂದು ಹೋಗೋ ಬೇಸರ ಅಲ್ಲ. ಎರಡು ವಾರ, ಮೂರು ವಾರ, ಎಷ್ಟೋ ಸಲ ತಿಂಗಳುಗಟ್ಟಲೆ ಮನಸ್ಸು ಕುಗ್ಗಿ ಹೋಗುತ್ತೆ. ಖಿನ್ನತೆ ಅಂತೀವಿ. ಎಚ್‌ಐವಿ ಇರೋವ್ರಲ್ಲಿ ಇದು ಬೇರೆಯವರಿಗಿಂತ ಹೆಚ್ಚು. ಗುಟ್ಟು ಕಾಯೋದು, ಜನ ಏನಂತಾರೋ ಅನ್ನೋ ಭಯ, ದಿನಾ ಮಾತ್ರೆ ನುಂಗುವಾಗೆಲ್ಲ ನೆನಪಾಗೋ ಕಾಯಿಲೆ... ಮನಸ್ಸು ದಣಿಯುತ್ತೆ. ದಣಿದ ಮನಸ್ಸು ಒಂದು ಮಾತು ಕಲಿಯುತ್ತೆ."

"ಯಾವ ಮಾತು?"

"ಏನಾದ್ರೆ ಏನು."

ಸೊಸೆ ತಲೆ ಎತ್ತಿದಳು.

"ಆ ಮಾತು ಬಂದ ಮೇಲೆ ಅಪಾಯ ಅಪಾಯದ ಥರ ಕಾಣಲ್ಲ" ಎಂದರು ಮೇಡಂ. "ಮಾತ್ರೆ ಬಿಡ್ತಾರೆ. ಕುಡೀತಾರೆ. ಕಾಂಡೋಮ್ ಬೇಡ ಅಂತಾರೆ. ಬ್ರೇಕ್ ಇಲ್ಲದ ಗಾಡಿ ಓಡಿಸ್ತಾರೆ. ಹೊರಗಿನವರು ಕೊಬ್ಬು ಅಂತಾರೆ. ಅದು ಕೊಬ್ಬಲ್ಲ, ಸೋಮಾರಿತನ ಅಲ್ಲ. ತನ್ನನ್ನ ತಾನು ಕಾಪಾಡಿಕೊಳ್ಳೋ ಆಸೇನೇ ಆರಿಹೋಗಿರುತ್ತೆ."

"ಅಂದ್ರೆ ನನ್ನ ಮಗನಿಗೆ ಹುಚ್ಚು ಅಂತೀರಾ?"

"ಹುಚ್ಚಲ್ಲಮ್ಮ. ಮೈಗೆ ಜ್ವರ ಬಂದ ಹಾಗೆ ಮನಸ್ಸಿಗೆ ಬಂದಿತ್ತು. ಔಷಧಿ ಇದ್ದ ಜ್ವರ."

ಅತ್ತೆ ಸುಲಭಕ್ಕೆ ಬಗ್ಗುವವರಲ್ಲ. "ನನ್ನ ಯಜಮಾನ್ರು ಹೋದಾಗ ನನಗೆ ಯಾರು ಔಷಧಿ ಕೊಟ್ರು? ಮೂರು ದಿನ ಊರೇ ಕೇಳೋ ಹಾಗೆ ಅತ್ತೆ. ನಾಲ್ಕನೇ ದಿನ ಗುಂಡಿ ಹೊಲಿಯೋಕೆ ಕೂತೆ."

"ಅತ್ರಲ್ಲ ನೀವು" ಎಂದರು ಮೇಡಂ ಮೆತ್ತಗೆ. "ಇವರು ಅತ್ತಿದಾರಾ?"

ಅತ್ತೆ ಸೊಸೆಯ ಕಡೆ ತಿರುಗಿದರು. ಮಗ ಹೋದ ಮೇಲೆ ಇಷ್ಟು ದಿನ ಒಂದೇ ಮನೆಯಲ್ಲಿದ್ದವರು ಆಗ ಮೊದಲ ಸಲ ಅವಳನ್ನು ಪೂರ್ತಿ ನೋಡಿದರು. ಕಣ್ಣ ಕೆಳಗಿನ ಕಪ್ಪು. ರವಿಕೆ ಸಡಿಲವಾಗಿತ್ತು. "ಇಲ್ಲ" ಎಂದರು.

ಮೇಡಂ ಸೊಸೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ಈ ಸಲ ಫೈಲು ನೋಡಲಿಲ್ಲ.

"ನಿದ್ದೆ ಬರುತ್ತಾ?"

"ಬರಲ್ಲ. ಅವರು ಕುಡಿಯೋಕೆ ಶುರು ಮಾಡಿದಾಗಿಂದ ಬರಲ್ಲ."

"ಊಟ ಸೇರುತ್ತಾ?"

"ಅತ್ತೆ ಬಡಿಸ್ತಾರೆ."

"ಬಡಿಸ್ತೀನಿ, ನಾಯಿ ತಿನ್ನುತ್ತೆ" ಎಂದರು ಅತ್ತೆ. "ಹಿತ್ತಲ ನಾಯಿ ದಪ್ಪ ಆಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು."

"ಮೊದಲು ಇಷ್ಟ ಇದ್ದ ಕೆಲಸದಲ್ಲಿ ಮನಸ್ಸಿದೆಯಾ?"

ಸೊಸೆ ಫೈಲಿನ ಹಾಳೆಗಳ ಅಂಚನ್ನು ನೇರ ಮಾಡಿದಳು. "ನೆನ್ನೆ ಮೊನ್ನೆ ತಪ್ಪು ಕಂಡ್ರೂ ತಿದ್ದಲಿಲ್ಲ."

"ಸಾಯಬೇಕು ಅನ್ನಿಸುತ್ತಾ? ಕೇಳಿದ್ದಕ್ಕೆ ತಪ್ಪು ತಿಳೀಬೇಡಿ. ಕೇಳಿದ್ರೆ ಯಾರೂ ಸಾಯಲ್ಲ, ಕೇಳದೆ ಬಿಟ್ರೆ ಕಷ್ಟ."

"ಸಾಯಬೇಕು ಅಂತ ಇಲ್ಲ ಮೇಡಂ. ಬಸ್ಸು ಬಂದ್ರೆ ಪಕ್ಕಕ್ಕೆ ಸರೀಬೇಕು ಅಂತಾನೂ ಇಲ್ಲ."

ಅತ್ತೆಯ ಕೈ ಸೊಸೆಯ ಮೊಣಕೈಯನ್ನು ಗಟ್ಟಿಯಾಗಿ ಹಿಡಿಯಿತು. ಆ ದಿನ ಮನೆ ಮುಟ್ಟುವವರೆಗೂ ಅವಳ ಪಕ್ಕ ಬಿಡಲಿಲ್ಲ.

ಸೊಸೆಗೆ ಇನ್ನೊಂದು ಮಾತು ಉಳಿದಿತ್ತು. ಅತ್ತೆಯ ಕಡೆ ನೋಡಿ ತಡವರಿಸಿದಳು.

"ನನ್ನೆದುರಿಗೆ ನಾಚಿಕೆ ಏನು? ನಾನೂ ಸಂಸಾರ ಮಾಡಿದೋಳೇ. ಬೇಕಾದ್ರೆ ಗೋಡೆ ಕಡೆ ತಿರುಗಿ ಕೂರ್ತೀನಿ" ಎಂದು ಅತ್ತೆ ನಿಜವಾಗಿಯೂ ತಿರುಗಿ ಕೂತರು.

"ಹೋದ ವರ್ಷದಿಂದ ಕಾಂಡೋಮ್ ಬೇಡ ಅಂತಿದ್ರು. ಇಬ್ರಿಗೂ ಇದೆಯಲ್ಲ, ಇನ್ನು ಬರೋಕೆ ಏನು ಉಳಿದಿದೆ ಅಂತ. ನಾನೂ ಸುಮ್ನಾದೆ."

"ಉಳಿದಿದೆ. ಬೇರೆ ಸೋಂಕುಗಳಿವೆ. ಮತ್ತೆ, ಮಾತ್ರೆ ಬಿಟ್ಟವರ ರಕ್ತದಲ್ಲಿ ವೈರಾಣು ಹೆಚ್ಚುತ್ತೆ. ಬಿಟ್ಟು ಹಿಡಿದು ಮಾಡಿದ್ರೆ ಮಾತ್ರೆಗೆ ಬಗ್ಗದ ಹಾಗೂ ಆಗಬಹುದು, ಅದು ಜೊತೆಗಾರರಿಗೂ ದಾಟಬಹುದು. ನಿಮ್ಮ ರಕ್ತವನ್ನ ಇವತ್ತೇ ಪರೀಕ್ಷೆಗೆ ಕೊಡೋಣ. ಮಾತ್ರೆ ಹೇಗೆ ಮತ್ತೆ ಶುರು ಮಾಡಬೇಕು ಅಂತ ಡಾಕ್ಟ್ರು ಹೇಳ್ತಾರೆ. ಬಿಟ್ಟ ದಿನಗಳದ್ದನ್ನೆಲ್ಲ ಒಟ್ಟಿಗೆ ನುಂಗಬೇಡಿ. ಅವರ ಡಬ್ಬಿಯಿಂದಾನೂ ಬೇಡ." ಮೇಡಂ ಕೊಂಚ ನಿಲ್ಲಿಸಿದರು. "ಹತ್ತಿರದವರು ಹೋದಾಗ ದುಃಖ ಆಗೋದು ಸಹಜ, ಅದಕ್ಕೆ ಕಾಯಿಲೆ ಅನ್ನಲ್ಲ. ಆದ್ರೆ ನಿಮ್ಮದು ಅವರು ಹೋಗೋಕೆ ಮೊದಲೇ ಶುರುವಾಗಿದೆ. ಮನಸ್ಸಿನ ಡಾಕ್ಟ್ರು ಇದೇ ಕಟ್ಟಡದ ಮೇಲಿನ ಮಹಡೀಲಿದಾರೆ. ಇವತ್ತೇ ನೋಡೋಣ."

"ಇನ್ನೊಂದು ಮಾತ್ರೆನಾ?" ಗೋಡೆಯ ಕಡೆಯಿಂದ ಅತ್ತೆಯ ದನಿ ಬಂತು. "ಅದು ಅಭ್ಯಾಸ ಹಿಡಿಯುತ್ತೆ ಅಂತಾರೆ ಜನ."

"ಕೆಲವರಿಗೆ ಮಾತಾಡೋದೇ ಸಾಕಾಗುತ್ತೆ. ಕೆಲವರಿಗೆ ಕೆಲವು ತಿಂಗಳು ಮಾತ್ರೆ ಬೇಕಾಗುತ್ತೆ. ಖಿನ್ನತೆ ಮಾತ್ರೆ ಹೆಂಡದ ಥರ ಚಟ ಹಿಡಿಸಲ್ಲ ಅಮ್ಮ. ಎಚ್‌ಐವಿ ಮಾತ್ರೆ ಜೊತೆ ಹೊಂದೋದನ್ನ ನೋಡಿಯೇ ಕೊಡ್ತಾರೆ. ಒಂದೇ, ಡಾಕ್ಟರನ್ನ ಕೇಳದೆ ನಿಲ್ಲಿಸಬಾರದು."

ಅತ್ತೆ ಇತ್ತ ತಿರುಗಿದರು. "ನನ್ನ ಮಗನಿಗೆ ಇದನ್ನ ಕೊಟ್ಟಿದ್ರೆ ಉಳೀತಿದ್ನಾ?"

ಮೇಡಂ ಆ ಐದು ಡಬ್ಬಿಗಳನ್ನು ಒಂದು ಕಡೆ ಸರಿಸಿದರು. "ಉಳಿಯೋ ದಾರಿ ಇತ್ತು ಅಮ್ಮ" ಎಂದರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಮೆಟ್ಟಿಲು ಎಲ್ಲಿದೆ ತೋರಿಸಿ."

ಹೊರಡುವ ಮುಂಚೆ ಸೊಸೆ ಒಂದು ಕೆಲಸ ಮಾಡಿದಳು. ಖಾಲಿ ನಮೂನೆಯ ಹಾಳೆಯೊಂದನ್ನು ಕೇಳಿ ಪಡೆದು, ಕೈಚೀಲದಿಂದ ಕೆಂಪು ಪೆನ್ನು ತೆಗೆದಳು. 'ಬೇಸರ ಇದೆಯೇ?' ಎಂಬುದರ ಮೇಲೆ ಒಂದು ಗೆರೆ ಎಳೆದಳು. ಅಂಚಿನಲ್ಲಿ, ಮೇಡಂ ಈಗಷ್ಟೇ ಬಾಯಲ್ಲಿ ಕೇಳಿದ್ದನ್ನೇ ಬರೆದಳು: 'ನಿದ್ದೆ ಬರುತ್ತಾ? ಊಟ ಸೇರುತ್ತಾ? ಇಷ್ಟದ ಕೆಲಸದಲ್ಲಿ ಮನಸ್ಸಿದೆಯಾ? ಬದುಕು ಬೇಡ ಅನ್ನಿಸುತ್ತಾ?'

"ಇದನ್ನ ಮೇಲಿನವರಿಗೆ ಕಳಿಸ್ತೀನಿ. ಒಪ್ಪಿಗೆ ಬರೋವರೆಗೂ ಬಾಯಲ್ಲಾದ್ರೂ ಹೀಗೇ ಕೇಳ್ತೀನಿ" ಎಂದರು ಮೇಡಂ.

ಎಲ್ಲ ಒಂದೇ ದಿನದಲ್ಲಿ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ಎರಡು ವಾರ ಹೊಸ ಮಾತ್ರೆಗೆ ಬಾಯಿ ಒಣಗಿತು, ತಲೆ ಭಾರ. ಒಂದು ದಿನ ಎಂಟು ಗಂಟೆಗೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅತ್ತೆ ನೀರಿನ ಲೋಟ ಹಿಡಿದು ಒಂದೂವರೆ ಗಂಟೆ ಪಕ್ಕದಲ್ಲೇ ಕೂತರು. ಬೈಯಲಿಲ್ಲ, ಬುದ್ಧಿಯೂ ಹೇಳಲಿಲ್ಲ.

"ನಿಮಗೆ ಕಾಲು ನೋಯಲ್ವಾ ಅತ್ತೆ?" ಎಂದಳು ಕೊನೆಗೆ.

"ನೋಯುತ್ತೆ. ಬೇಗ ನುಂಗು."

ಪ್ರತಿ ವಾರ ಮೇಡಂ ಹತ್ತಿರ ಮಾತು. ಬೆಂಚಿನಲ್ಲಿ ಕೂತ ಬೇರೆ ಹೆಂಗಸರ ಜೊತೆಯೂ ಮಾತು. ಐದನೇ ವಾರ ಒಂದು ಮಧ್ಯಾಹ್ನ, ಗಂಡ ಅರ್ಧಕ್ಕೆ ಬಿಟ್ಟಿದ್ದ ಮಿಷಿನನ್ನು ದರ್ಜಿಯೊಬ್ಬ ವಾಪಸ್ ಒಯ್ಯಲು ಬಂದ. ಅದರ ಚಕ್ರದ ಮೇಲೆ ಎಣ್ಣೆಯ ಹೆಬ್ಬೆಟ್ಟಿನ ಗುರುತಿತ್ತು. ಅವಳು ಅದನ್ನು ನೋಡಿ ಅಳಲು ಶುರು ಮಾಡಿದವಳು ಸಂಜೆಯವರೆಗೂ ಅತ್ತಳು. ಅತ್ತೆ ಪಕ್ಕದ ಮನೆಯವರಿಗೆ, "ಅಳ್ತಿದಾಳೆ, ಅಳ್ತಿದಾಳೆ" ಎಂದು ಒಳ್ಳೆಯ ಸುದ್ದಿ ಹೇಳುವ ಹಾಗೆ ಹೇಳಿದರು. ಆ ವಾರವೇ ಪ್ರೆಸ್ ಯಜಮಾನರು ಒಂದು ಕರಡನ್ನು ಕೈಯಲ್ಲಿ ಹಿಡಿದು ಗೊಣಗಿದರು: "ಏನಮ್ಮಾ ಇದು, ಹಾಳೆಗೆ ಸಿಡುಬು ಎದ್ದ ಹಾಗಿದೆ." ತುಂಬಾ ಕೆಂಪು ಗುರುತು. ಗೊಣಗಿದರೂ ಮುಖದಲ್ಲಿ ನಗುವಿತ್ತು. ಮೂರನೇ ತಿಂಗಳ ಕೊನೆಗೆ ರಕ್ತಪರೀಕ್ಷೆ ಮಾಡಿದಾಗ ವೈರಾಣು ಪರೀಕ್ಷೆಗೇ ಸಿಗದಷ್ಟು ಕಡಿಮೆಯಾಗಿತ್ತು.

ಅದೇ ವಾರದ ರಜೆಯ ದಿನ ಅತ್ತೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ಹರವುತ್ತಿದ್ದುದು ಗೋಡೆಗೆ ಒರಗಿಸಿದ್ದ ಮರದ ಏಣಿಯ ಮೇಲೆ. ಸೊಸೆ ಆ ಏಣಿಯನ್ನು ಇದುವರೆಗೆ ಕಂಡೇ ಇರಲಿಲ್ಲವೇನೋ ಎಂಬಂತೆ ನೋಡಿದಳು. ಮೆಟ್ಟಿಲುಗಳ ಮೇಲೆ ಹತ್ತಾರು ಬಣ್ಣದ ಹನಿಗಳು.

"ಅತ್ತೆ, ಇದು ಪೇಂಟರ್ ಅಣ್ಣನದಲ್ವಾ?"

"ಅವನದೇ. ಮಾಡಿನ ಶೀಟು ಸೋರ್ತಿದೆ, ನಾನೇ ಹತ್ತಿ ಸರಿ ಮಾಡ್ತೀನಿ ಅಂತ ನಿನ್ನ ಗಂಡ ಕೇಳಿ ತಂದ. ತಂದು ಒಂದು ವರ್ಷ ಆಯ್ತು, ಒಂದು ಮೆಟ್ಟಿಲೂ ಹತ್ತಲಿಲ್ಲ." ಅತ್ತೆ ಒದ್ದೆ ಬಟ್ಟೆ ಹಿಂಡುತ್ತಾ ನಿಂತರು. "ಆಗಲೇ ಗೊತ್ತಾಗಬೇಕಿತ್ತು ನಮಗೆ."

ಪೇಂಟರ್ ಅಣ್ಣ ಗಂಡನ ಗೆಳೆಯ. ಗೋಡೆಗೆ ಬಣ್ಣ ಹೊಡೆಯುವವನು. ಇಬ್ಬರೂ ಗೆಳೆಯರಾಗಿದ್ದು ಆ ಕೇಂದ್ರದ ಬೆಂಚಿನ ಮೇಲೆಯೇ. ಅವನದೂ ಎಂಟು ಗಂಟೆಯ ಮಾತ್ರೆ. ಮಣ್ಣಿನ ದಿನ ಕಂಡವನು ಮತ್ತೆ ಈ ಕಡೆ ಬಂದಿರಲಿಲ್ಲ.

"ಮೊನ್ನೆ ನೋಡಿದೆ ಅವನನ್ನ" ಎಂದರು ಅತ್ತೆ. "ಬೇಕರಿ ಗೋಡೆಗೆ ಬಣ್ಣ ಹೊಡೀತಿದ್ದ. ಏಣಿ ಇಲ್ಲ. ಮೇಜಿನ ಮೇಲೆ ಡ್ರಮ್ಮು, ಡ್ರಮ್ಮಿನ ಮೇಲೆ ಇವನು. ಹತ್ತಿರ ಹೋದ್ರೆ ಹೆಂಡದ ವಾಸನೆ. ಹಗಲು ಹನ್ನೊಂದು ಗಂಟೆಗೆ!"

ಸೊಸೆ ಏಣಿಯ ಮೇಲಿನ ಬಟ್ಟೆಗಳನ್ನೆಲ್ಲ ತೆಗೆದು ಬಕೆಟ್ಟಿಗೆ ಹಾಕಿದಳು. "ಹಿಡ್ಕೊಳ್ಳಿ ಅತ್ತೆ."

"ಈಗಲಾ? ಬಟ್ಟೆ?"

"ಬಟ್ಟೆ ಕಾಯುತ್ತೆ."

ಮುಂದೆ ಸೊಸೆ, ಹಿಂದೆ ಅತ್ತೆ, ನಡುವೆ ಹದಿನಾಲ್ಕು ಮೆಟ್ಟಿಲು. ತಿರುವಿನಲ್ಲಿ ಏಣಿಯ ಬಾಲ ಒಂದು ಮನೆಯ ಕಿಟಕಿಗೆ ತಾಗಿತು. ಅಂಗಡಿಯವನೊಬ್ಬ ಕೂಗಿದ, "ಏನಜ್ಜಿ, ಅತ್ತೆ ಸೊಸೆ ಎಲ್ಲಿಗೆ ಹತ್ತೋಕೆ ಹೊರಟ್ರಿ?"

"ಸ್ವರ್ಗಕ್ಕೆ! ಬರ್ತೀಯಾ? ಬರೋದಾದ್ರೆ ಮೊದಲು ಈ ತುದಿ ಹಿಡ್ಕೋ."

ಅವನು ನಗುತ್ತಾ ಒಳಗೆ ಹೋದ. ಸೊಸೆಗೆ ನಗು ಬಂತು. ನಕ್ಕಿದ್ದರಿಂದ ಏಣಿ ಅಲ್ಲಾಡಿತು, ಅತ್ತೆ ಬೈದರು. ದೊಡ್ಡ ರಸ್ತೆ ಬಂದಾಗ ಸೊಸೆ ನಿಂತಳು. ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಒಂದು ಬಸ್ಸು ಹೋಗುವವರೆಗೆ ಕಾದು, ಆಮೇಲೆ ದಾಟಿದಳು.

ಬೇಕರಿ ಗೋಡೆಯ ಹತ್ತಿರ ಪೇಂಟರ್ ಅಣ್ಣ ಡ್ರಮ್ಮಿನ ಮೇಲೆಯೇ ಇದ್ದ. ಗಡ್ಡ ಬೆಳೆದಿತ್ತು. ಕಾಲಿನಡಿಯ ಮೇಜು ಕುಂಟುತ್ತಿತ್ತು.

"ಅಯ್ಯೋ ತಂಗಿ, ಇದನ್ನ್ಯಾಕೆ ಹೊತ್ತು ತಂದ್ರಿ? ಇಟ್ಕೊಳ್ಳಿ. ನನಗೆ ಇದೇ ಸಾಕು."

"ಬಿದ್ರೆ ಅಣ್ಣ?"

"ಬಿದ್ರೆ ಬಿದ್ದೆ." ಅವನು ಬ್ರಷ್ಷನ್ನು ಡಬ್ಬಿಗೆ ಅದ್ದಿದ. "ಏನಾದ್ರೆ ಏನು."

ಸೊಸೆ ಏಣಿಯನ್ನು ಗೋಡೆಗೆ ಒರಗಿಸಿದಳು. ಬೇಸರ ಇದೆಯಾ ಎಂದು ಕೇಳಲಿಲ್ಲ. ಕೇಳಿದ್ದರೆ ಅವನ ಉತ್ತರ ಏನೆಂದು ಅವಳಿಗೆ ಗೊತ್ತಿತ್ತು. ಹತ್ತಿರ ಹೋಗಿ, ರಸ್ತೆಗೆ ಕೇಳಿಸದ ಹಾಗೆ, ತಗ್ಗಿದ ದನಿಯಲ್ಲಿ ಕೇಳಿದಳು:

"ಅಣ್ಣ, ನಿದ್ದೆ ಬರುತ್ತಾ?"

ಬ್ರಷ್ಷು ಗೋಡೆಯ ಮೇಲೆ ಇದ್ದಲ್ಲೇ ಇತ್ತು. ಬಣ್ಣ ಕೆಳಗೆ ಇಳಿಯತೊಡಗಿತು. ಅವನು ಒರೆಸಲಿಲ್ಲ.

"ಬರಲ್ಲ ತಂಗಿ" ಎಂದ. "ಅವನು ಹೋದ ಮೇಲೆ ಬರಲ್ಲ. ಅವನಿಗಾದ ಹಾಗೇ ನನಗೂ ಆಗೋದಾದ್ರೆ ಆ ಮಾತ್ರೆ ಯಾಕೆ ನುಂಗ..." ದಾರಿಯ ಜನರನ್ನು ಕಂಡು ಅಲ್ಲಿಗೇ ನಿಲ್ಲಿಸಿದ.

"ಅವರು ಮಾತ್ರೆ ನುಂಗ್ತಿರಲಿಲ್ಲ ಅಣ್ಣ. ನನಗೂ ಆಮೇಲೆ ಗೊತ್ತಾಯ್ತು. ನಾನೂ ಬಿಟ್ಟಿದ್ದೆ. ಈಗ ನುಂಗ್ತಿದೀನಿ. ನಾಳೆ ನಾನು ಸೆಂಟರಿಗೆ ಹೋಗೋ ದಿನ. ಒಂಬತ್ತರ ಬಸ್ಸಿಗೆ ಒಟ್ಟಿಗೆ ಹೋಗೋಣ."

ಅವನು ಗೋಡೆಯನ್ನೇ ನೋಡುತ್ತಿದ್ದ. ಅತ್ತೆ ಏಣಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

"ಇಳಿಯಪ್ಪ" ಎಂದರು. "ನಾನು ಹಿಡ್ಕೊಂಡಿದೀನಿ. ಬೇಗ, ಕೈ ಸೋಲುತ್ತೆ."

ಪೇಂಟರ್ ಅಣ್ಣ ಡ್ರಮ್ಮಿನಿಂದ ಒಂದು ಕಾಲು ತೆಗೆದು ತನ್ನ ಏಣಿಯ ಮೇಲಿಟ್ಟ. ಆಮೇಲೆ ಇನ್ನೊಂದು.

ಓದುತ್ತಿರುವ ಅಕ್ಕ, ಅಣ್ಣ, ಇಷ್ಟು ನೆನಪಿಡಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಎಚ್‌ಐವಿ ಮಾತ್ರೆ ನುಂಗುವವರು ಇದ್ದರೆ 'ಚೆನ್ನಾಗಿದ್ದೀರಾ' ಎಂದು ಕೇಳಿ ಮುಂದೆ ಹೋಗಬೇಡಿ. ನಿದ್ದೆ ಕೇಳಿ, ಊಟ ಕೇಳಿ. ಉತ್ತರ ಬರುವವರೆಗೆ ನಿಂತುಕೊಳ್ಳಿ. ಕುಡಿತ ಹೆಚ್ಚಿದರೆ, ಮಾತ್ರೆ ತಪ್ಪಿದರೆ, ಮೈಮೇಲೆ ಎಚ್ಚರವಿಲ್ಲದ ಹಾಗೆ ನಡೆದುಕೊಂಡರೆ ಕೊಬ್ಬು ಎನ್ನುವ ಮುಂಚೆ ಮನಸ್ಸು ಕುಗ್ಗಿರಬಹುದೇ ಎಂದು ಯೋಚಿಸಿ. ಮಾತ್ರೆ ನುಂಗುವವರು ನೀವೇ ಆಗಿದ್ದರೆ, 'ಏನಾದ್ರೆ ಏನು' ಎಂದು ಅನ್ನಿಸಿದ ದಿನವೇ ಚಿಕಿತ್ಸಾ ಕೇಂದ್ರಕ್ಕೆ ಬನ್ನಿ. ಮಾತ್ರೆ ಬಿಟ್ಟಿದ್ದರೂ ಬನ್ನಿ, ಕುಡಿದಿದ್ದರೂ ಬನ್ನಿ. ಬದುಕು ಬೇಡ ಅನ್ನಿಸಿದ್ದರೆ ನಾಳೆಗೆ ಇಡಬೇಡಿ, ಈಗಲೇ ಪಕ್ಕದಲ್ಲಿರುವ ಒಬ್ಬರಿಗೆ ಹೇಳಿ. ಒಬ್ಬರೇ ಬರಲು ಆಗದಿದ್ದರೆ, ಕೈ ಹಿಡಿದು ಕರೆತರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ.